ಮ್ಯೂಸಿಕ್ ಪ್ಲೇಯರ್ ಸಿಂಕ್ ಆಗುತ್ತಿಲ್ಲವೇ? ಮೊದಲು ಹಾಡು ಉಳಿಸಿಕೊಳ್ಳಿ

ಹುಬ್ಬಳ್ಳಿ–ಧಾರವಾಡದ ಎಷ್ಟೋ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳ ಸಂಗೀತ ಈಗ ಉಳಿದಿರುವುದು ಅಂಗೈಯಲ್ಲಿ ಹಿಡಿಸುವ ಒಂದು ಮ್ಯೂಸಿಕ್ ಪ್ಲೇಯರಿನಲ್ಲಿ. ಬಸವರಾಜ ರಾಜಗುರು ಅವರು 1991ರಲ್ಲಿ, ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ ತೀರಿಕೊಂಡರು. ಅಂಥವರ ಖಾಸಗಿ ಬೈಠಕ್ಕುಗಳಲ್ಲಿ ಮಾಡಿಕೊಂಡ ಧ್ವನಿಮುದ್ರಣಗಳು, ಧಾರವಾಡ ಆಕಾಶವಾಣಿಯಿಂದ ಟೇಪ್ ರೆಕಾರ್ಡರಿಗೆ ಇಳಿಸಿಕೊಂಡ ರಾಗಗಳು, ಕುಂದಗೋಳದ ನಾಡಗೀರ ವಾಡೆಯ ಸಂಗೀತೋತ್ಸವದಲ್ಲಿ ಕುಳಿತು ಹಿಡಿದ ತುಣುಕುಗಳು ಮೊದಲು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಐಪಾಡ್ ಅಥವಾ ಅಂಥದೇ ಪ್ಲೇಯರಿಗೆ ಬಂದವು. ಆಮೇಲೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು, ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೋಯಿತು. ಮೂಲವೂ ಪ್ರತಿಯೂ ಎಲ್ಲವೂ ಆ ಪ್ಲೇಯರ್ ಒಂದೇ ಎಂಬ ಸ್ಥಿತಿ ಬಂದಿದೆ.

ಅಂಥ ಪ್ಲೇಯರನ್ನು ಕಂಪ್ಯೂಟರ್ ಗುರುತಿಸದೆ ಹೋದಾಗ, ಅಥವಾ ಸಿಂಕ್, ಅಂದರೆ ಕಂಪ್ಯೂಟರಿನ ಹಾಡುಗಳನ್ನು ಪ್ಲೇಯರಿಗೆ ಹೊಂದಿಸುವ ಕೆಲಸ, ಅರ್ಧಕ್ಕೇ ನಿಂತಾಗ, ಎಲ್ಲರೂ ಥಟ್ಟನೆ ಕೊಡುವ ಸಲಹೆ ‘ರಿಸ್ಟೋರ್ ಮಾಡಿ’ ಅಥವಾ ‘ಫಾರ್ಮ್ಯಾಟ್ ಹೊಡೆಯಿರಿ’ ಎಂಬುದು. ಬಹಳಷ್ಟು ಸಲ ಅದರಿಂದ ಪ್ಲೇಯರ್ ಸರಿಹೋಗುತ್ತದೆ, ನಿಜ. ಆದರೆ ಒಳಗಿದ್ದ ಹಾಡುಗಳೂ ಅಳಿಸಿಹೋಗುತ್ತವೆ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಪ್ಲೇಯರಿಗೆ ಯಾವ ಅಪಾಯವನ್ನೂ ಮಾಡದ ಪರೀಕ್ಷೆಗಳು ಮೊದಲು ಬರುತ್ತವೆ, ನಡುವೆ ಹಾಡುಗಳ ನಕಲು ತೆಗೆಯುವ ಕೆಲಸವಿದೆ, ಅಳಿಸುವ ಉಪಾಯ ಕಟ್ಟಕಡೆಗೆ ಬರುತ್ತದೆ.

ಕೈ ಹಚ್ಚುವ ಮುನ್ನ

ಐಪಾಡಿಗೆ ಹಾಡು ತುಂಬುವ ಆ್ಯಪಲ್ ಸಾಫ್ಟ್‌ವೇರ್ ಐಟ್ಯೂನ್ಸ್ ಮೂಲಕ ಸಿಂಕ್ ಮಾಡಿದಾಗ ಪ್ಲೇಯರಿನಲ್ಲಿರುವುದೆಲ್ಲ ಕಂಪ್ಯೂಟರಿನ ಹಾಡಿನ ಪಟ್ಟಿಗೆ ಸರಿಸಮನಾಗುತ್ತದೆ. ಪಟ್ಟಿಯಲ್ಲಿ ಇಲ್ಲದ ಹಾಡು ಪ್ಲೇಯರಿನಿಂದಲೂ ಹೋಗುತ್ತದೆ. ಒಂದು ಐಪಾಡ್ ಒಂದು ಸಲಕ್ಕೆ ಒಂದೇ ಕಂಪ್ಯೂಟರಿನ ಸಂಗ್ರಹದೊಂದಿಗೆ ಸಿಂಕ್ ಆಗುವಂತೆ ರಚಿತವಾಗಿರುವುದರಿಂದ, ಹೊಸ ಕಂಪ್ಯೂಟರಿಗೆ ಜೋಡಿಸಿದಾಗ ‘ಎರೇಸ್ ಅಂಡ್ ಸಿಂಕ್’ ಎಂಬ ಗುಂಡಿಯಿರುವ ಪ್ರಶ್ನೆಯೊಂದು ಪರದೆಯ ಮೇಲೆ ಬರುತ್ತದೆ. ಅದನ್ನು ಒತ್ತಬೇಡಿ, ‘ಕ್ಯಾನ್ಸಲ್’ ಒತ್ತಿ. ಮ್ಯಾಕ್ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಐಪಾಡನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದರೆ ‘ಈ ಡಿಸ್ಕ್ ಬಳಸಲು ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಅರ್ಥದ ಸಂದೇಶ ಬರುತ್ತದೆ. ಮ್ಯಾಕ್ ಡಿಸ್ಕನ್ನು ಓದುವುದು ವಿಂಡೋಸಿಗೆ ತಿಳಿಯದು ಎಂಬುದಷ್ಟೇ ಅದರ ತಾತ್ಪರ್ಯ; ಪ್ಲೇಯರ್ ಕೆಟ್ಟಿದೆ ಎಂದಲ್ಲ. ಅಲ್ಲಿಯೂ ಕ್ಯಾನ್ಸಲ್ ಮಾಡಿ, ಪರಿಚಿತರ ಮ್ಯಾಕ್ ಹುಡುಕಿಕೊಳ್ಳುವುದು ಲೇಸು. ಇದಕ್ಕೆ ತಿರುಗುಮುರುಗಾದ ತೊಂದರೆ ಇಲ್ಲ. ವಿಂಡೋಸಿನಲ್ಲಿ ಸಿದ್ಧಪಡಿಸಿದ ಐಪಾಡನ್ನು ಮ್ಯಾಕ್ ಓದಬಲ್ಲದು.

ಐಟ್ಯೂನ್ಸ್ ಇದ್ದರೆ ಅದರ ‘ಪ್ರಿಫರೆನ್ಸಸ್’ನಲ್ಲಿ ‘ಡಿವೈಸಸ್’ ಎಂಬ ವಿಭಾಗ ತೆರೆದು, ತಾನಾಗಿಯೇ ಸಿಂಕ್ ಆಗುವುದನ್ನು ತಡೆಯುವ ಚೌಕಕ್ಕೆ ಮೊದಲೇ ಗುರುತು ಹಾಕಿಡಿ. ಕೇಬಲ್ ಜೋಡಿಸುವುದು ಅದಾದ ಮೇಲೆ.

ಕೇಬಲ್ ಮತ್ತು ಪೋರ್ಟ್

ಸಾಮಾನ್ಯ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿಗಳಿರುತ್ತವೆ: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಅಗ್ಗದ ಚಾರ್ಜಿಂಗ್ ಕೇಬಲ್ಲುಗಳಲ್ಲಿ ಮಾಹಿತಿಯ ತಂತಿಗಳನ್ನು ಹಾಕಿಯೇ ಇರುವುದಿಲ್ಲ. ಹಾಗಾಗಿ ಪ್ಲೇಯರ್ ಚಾರ್ಜ್ ಆಗುತ್ತಿದೆ ಎಂದ ಮಾತ್ರಕ್ಕೆ ಕೇಬಲ್ ಸರಿಯಿದೆ ಎಂದು ತಿಳಿಯಬಾರದು. ಅದೇ ಕೇಬಲ್ಲಿನಿಂದ ಬೇರೊಂದು ಫೋನಿನ ಫೋಟೋಗಳು ಕಂಪ್ಯೂಟರಿನಲ್ಲಿ ಕಾಣುತ್ತವೆಯೇ ನೋಡಿ. ಕಾಣದಿದ್ದರೆ ಬೇರೆ ಕೇಬಲ್ ತನ್ನಿ. ಹಳೆಯ ಐಪಾಡುಗಳಿಗೆ 30 ಪಿನ್ನಿನ ಅಗಲ ಕೇಬಲ್ ಬೇಕು. 2012ರಿಂದ ಬಂದ ಹೊಸ ಮಾದರಿಗಳಿಗೆ ಲೈಟ್ನಿಂಗ್ ಕೇಬಲ್. ಅಂಗಡಿಯಲ್ಲಿ ಕೊಳ್ಳುವಾಗ ‘ಡೇಟಾ ಕೇಬಲ್’ ಎಂದೇ ಕೇಳಿ, ಸಾಧ್ಯವಾದರೆ ಪ್ಲೇಯರನ್ನೂ ಒಯ್ದು ಅಲ್ಲಿಯೇ ಜೋಡಿಸಿ ನೋಡಿ.

ಡೆಸ್ಕ್‌ಟಾಪ್ ಕಂಪ್ಯೂಟರಾದರೆ ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದ್ದಕ್ಕೆ ಜೋಡಿಸಿ. ಮುಂದಿನ ಪೋರ್ಟು ಮದರ್‌ಬೋರ್ಡಿಗೆ ಒಳಗಿನ ಇನ್ನೊಂದು ತಂತಿಯ ಮೂಲಕ ಸೇರಿರುತ್ತದೆ, ಆ ಜೋಡಣೆ ಸಡಿಲವಾಗಿರುವುದು ಅಪರೂಪವಲ್ಲ. ಯುಎಸ್‌ಬಿ 2 ಪೋರ್ಟ್ ಕೊಡುವ ವಿದ್ಯುತ್ತು 500 ಮಿಲಿಆ್ಯಂಪಿಯರ್. ಸ್ವಂತ ಅಡಾಪ್ಟರ್ ಇಲ್ಲದ ಹಬ್ಬಿನಲ್ಲಿ ಇಷ್ಟನ್ನೇ ಕೀಬೋರ್ಡು, ಮೌಸು, ಪೆನ್ ಡ್ರೈವ್ ಎಲ್ಲವೂ ಹಂಚಿಕೊಳ್ಳಬೇಕು. ಒಳಗೆ ಹಾರ್ಡ್ ಡಿಸ್ಕ್ ತಿರುಗುವ ಹಳೆಯ ಐಪಾಡಿಗೆ ಅದು ಸಾಲದೆ ಸಿಂಕ್ ನಡುವೆಯೇ ಕಡಿದುಹೋಗುತ್ತದೆ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಗೋಡೆಯ ಚಾರ್ಜರಿನಿಂದ ಅರ್ಧ ಗಂಟೆ ಚಾರ್ಜ್ ಮಾಡಿ, ಆಮೇಲೆ ಕಂಪ್ಯೂಟರಿಗೆ ಜೋಡಿಸಿ.

ಪ್ಲೇಯರಿನ ಪೋರ್ಟಿನೊಳಗೆ ಟಾರ್ಚ್ ಹಿಡಿದು ನೋಡುವುದನ್ನು ಮರೆಯಬೇಡಿ. ಜೇಬಿನ ನೂಲು, ನಮ್ಮ ಬಯಲುಸೀಮೆಯ ಸಣ್ಣ ಧೂಳು ಸೇರಿ ಪಿನ್ನುಗಳ ಮೇಲೆ ಗಟ್ಟಿಯಾಗಿ ಕೂತಿರುತ್ತವೆ. ಪ್ಲೇಯರನ್ನು ಬಂದ್ ಮಾಡಿ, ಒಣ ಮರದ ಟೂತ್‌ಪಿಕ್ಕಿನಿಂದ ಮೆಲ್ಲನೆ ಕೆದರಿ ತೆಗೆಯಿರಿ. ಸೂಜಿ, ಪಿನ್ನು ಬೇಡ.

ಇನ್ನೊಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಪ್ಲೇಯರಿನ ಪರದೆ ಎದ್ದುಬಂದಿದ್ದರೆ, ಮೇಜಿನ ಮೇಲಿಟ್ಟಾಗ ಸಮನಾಗಿ ಕೂರದೆ ಅಲುಗಾಡಿದರೆ, ಒಳಗಿನ ಲಿಥಿಯಂ ಬ್ಯಾಟರಿ ಉಬ್ಬಿರಬಹುದು. ಅಂಥದ್ದನ್ನು ಚಾರ್ಜ್ ಮಾಡಬಾರದು, ಒತ್ತಿ ಕೂರಿಸಲೂಬಾರದು. ರಿಪೇರಿಯವರ ಬಳಿ ಒಯ್ದು ಬ್ಯಾಟರಿ ಬದಲಿಸಿಕೊಳ್ಳಿ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೆ ಒಯ್ಯಿರಿ, ಧಾರವಾಡದ ಸುಭಾಸ ರಸ್ತೆಗೆ ಒಯ್ಯಿರಿ, ಕೌಂಟರಿನಲ್ಲಿ ಮೊದಲು ಹೇಳಬೇಕಾದ ಮಾತು ಒಂದೇ: ‘ಒಳಗಿನ ಹಾಡು ಅಳಿಸಬಾರದು.’ ರಸೀದಿಯ ಮೇಲೂ ಅದನ್ನು ಬರೆಸಿಕೊಳ್ಳಿ.

ಕಂಪ್ಯೂಟರಿಗೆ ಕಾಣುತ್ತಿದೆಯೇ?

ಇನ್ನು ವಿಂಡೋಸಿನ ‘ಡಿವೈಸ್ ಮ್ಯಾನೇಜರ್’ ತೆರೆದಿಟ್ಟುಕೊಂಡು ಪ್ಲೇಯರನ್ನು ಜೋಡಿಸಿ. ಪಟ್ಟಿಯಲ್ಲಿ ಏನೂ ಬದಲಾಗದಿದ್ದರೆ ತೊಂದರೆ ಇನ್ನೂ ಕೇಬಲ್, ಪೋರ್ಟ್ ಅಥವಾ ಪ್ಲೇಯರಿನಲ್ಲೇ ಇದೆ ಎಂದು ತಿಳಿಯಿರಿ. ಹೆಸರು ಬಂದು ಅದರ ಮೇಲೆ ಹಳದಿ ತ್ರಿಕೋನವಿದ್ದರೆ ಡ್ರೈವರ್, ಅಂದರೆ ಪ್ಲೇಯರಿನೊಡನೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್, ಕೆಟ್ಟಿದೆ. ಹೆಸರಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಟ್ಟು, ಕೇಬಲ್ ತೆಗೆದು, ಕಂಪ್ಯೂಟರನ್ನು ಮರುಚಾಲೂ ಮಾಡಿ ಮತ್ತೆ ಜೋಡಿಸಿದರೆ ವಿಂಡೋಸ್ ಡ್ರೈವರನ್ನು ಹೊಸದಾಗಿ ಹಾಕಿಕೊಳ್ಳುತ್ತದೆ. ಇದು ಕಂಪ್ಯೂಟರಿಗೆ ಸಂಬಂಧಿಸಿದ ಕೆಲಸ. ಪ್ಲೇಯರಿನ ಹಾಡುಗಳಿಗೆ ಏನೂ ಆಗುವುದಿಲ್ಲ.

ಡಿವೈಸ್ ಮ್ಯಾನೇಜರಿನಲ್ಲಿ ಸರಿಯಾಗಿ ಕಂಡು, ಡ್ರೈವುಗಳ ಪಟ್ಟಿಯಲ್ಲಿ ಮಾತ್ರ ಕಾಣದಿದ್ದರೆ ‘ಡಿಸ್ಕ್ ಮ್ಯಾನೇಜ್‌ಮೆಂಟ್’ಗೆ ಹೋಗಿ ಅದಕ್ಕೆ ಡ್ರೈವ್ ಅಕ್ಷರ ಸಿಕ್ಕಿದೆಯೇ ನೋಡಿ, ಇಲ್ಲದಿದ್ದರೆ ಬೇರೆ ಯಾವ ಡ್ರೈವೂ ಬಳಸದ ಅಕ್ಷರವೊಂದನ್ನು ಕೊಡಿ. ಅದೇ ಮೆನುವಿನಲ್ಲಿ ‘ಫಾರ್ಮ್ಯಾಟ್’, ‘ಡಿಲೀಟ್ ವಾಲ್ಯೂಮ್’ ಎಂಬ ಆಯ್ಕೆಗಳೂ ಪಕ್ಕಪಕ್ಕದಲ್ಲೇ ಇರುತ್ತವೆ, ಆದ್ದರಿಂದ ಅವಸರ ಮಾಡದೆ ಓದಿ ಒತ್ತಿ.

ಐಪಾಡ್ ಅಲ್ಲದ ಪ್ಲೇಯರುಗಳಲ್ಲಿ ಯುಎಸ್‌ಬಿ ವಿಧಾನವನ್ನೂ ನೋಡಬೇಕು. ಸ್ಯಾನ್‌ಡಿಸ್ಕ್ ಸಾನ್ಸಾದಂಥ ಪ್ಲೇಯರಿನ ಸೆಟ್ಟಿಂಗ್ಸಿನಲ್ಲಿ ಎಂಟಿಪಿ, ಎಂಎಸ್‌ಸಿ ಎಂಬ ಎರಡು ಆಯ್ಕೆಗಳಿರುತ್ತವೆ. ಎಂಎಸ್‌ಸಿಯಲ್ಲಿ ಪ್ಲೇಯರ್ ಪೆನ್ ಡ್ರೈವಿನಂತೆ ಕಾಣುತ್ತದೆ, ಎಂಟಿಪಿಯಲ್ಲಿ ಮೀಡಿಯಾ ಸಾಧನವಾಗಿ. ಒಂದು ವಿಧಾನದಲ್ಲಿ ಹಾಕಿದ ಹಾಡು ಇನ್ನೊಂದು ವಿಧಾನದಲ್ಲಿ ಜೋಡಿಸಿದಾಗ ಕಂಪ್ಯೂಟರಿನಲ್ಲಿ ಕಾಣದೆ ಹೋಗಬಹುದು. ಹಾಡು ಮಾಯವಾಯಿತೆಂದು ಗಾಬರಿಯಾಗುವ ಮೊದಲು ವಿಧಾನ ಬದಲಿಸಿ ನೋಡಿ. ಮ್ಯಾಕ್ ತಾನಾಗಿ ಎಂಟಿಪಿಯನ್ನು ಓದುವುದಿಲ್ಲ, ಅಲ್ಲಿ ಎಂಎಸ್‌ಸಿಯೇ ಗತಿ. ಹಳೆಯ ಆ್ಯಂಡ್ರಾಯ್ಡ್ ಫೋನನ್ನೇ ಪ್ಲೇಯರ್ ಮಾಡಿಕೊಂಡಿರುವವರು ಜೋಡಿಸಿದ ಮೇಲೆ ಫೋನಿನ ಪರದೆಯ ಸೂಚನೆಯಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿದರೆ ಸಾಕು.

ಮ್ಯಾಕಿನಲ್ಲಿ ಐಟ್ಯೂನ್ಸ್ ಎಲ್ಲಿ ಹೋಯಿತೆಂದು ಹುಡುಕುವವರಿಗೆ ಒಂದು ಮಾತು. 2019ರ ಕ್ಯಾಟಲಿನಾ ಆವೃತ್ತಿಯಿಂದ ಅದು ಇಲ್ಲ. ಪ್ಲೇಯರ್ ಈಗ ಫೈಂಡರ್ ಕಿಟಕಿಯ ಎಡಪಟ್ಟಿಯಲ್ಲಿ ಕಾಣುತ್ತದೆ. ವಿಂಡೋಸಿನಲ್ಲಿ ‘ಆ್ಯಪಲ್ ಡಿವೈಸಸ್’ ಎಂಬ ಹೊಸ ಆ್ಯಪ್ ಹಾಕಿಕೊಂಡಿದ್ದರೆ ಸಿಂಕ್ ಕೆಲಸವೆಲ್ಲ ಅದಕ್ಕೆ ಹೋಗಿರುತ್ತದೆ, ಐಟ್ಯೂನ್ಸಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಆ್ಯಪಲ್ ಸಂಸ್ಥೆ 2001ರಲ್ಲಿ ತಂದ ಐಪಾಡಿನ ಸಾಲನ್ನು 2022ರ ಮೇ ತಿಂಗಳಲ್ಲಿ ನಿಲ್ಲಿಸಿತಾದರೂ ಹಳೆಯ ಐಪಾಡುಗಳನ್ನು ಜೋಡಿಸುವ ದಾರಿ ಮುಚ್ಚಿಲ್ಲ.

ಹಾಡುಗಳ ನಕಲು

ಪ್ಲೇಯರ್ ಯಾವುದೇ ರೂಪದಲ್ಲಿ ಕಂಪ್ಯೂಟರಿಗೆ ಕಂಡಿತೆಂದರೆ ಸಿಂಕಿನ ಯೋಚನೆ ಬಿಟ್ಟು ಮೊದಲು ಹಾಡುಗಳನ್ನು ಹೊರಗೆ ತೆಗೆಯಿರಿ. ಎಂಎಸ್‌ಸಿ ಪ್ಲೇಯರಾದರೆ ಫೋಲ್ಡರುಗಳನ್ನು ಎತ್ತಿ ಕಂಪ್ಯೂಟರಿಗೆ ಹಾಕಿಕೊಂಡರೆ ಮುಗಿಯಿತು. ಐಪಾಡಿನಲ್ಲಿ ಕೆಲಸ ಸ್ವಲ್ಪ ಹೆಚ್ಚು.

ಐಪಾಡ್ ಕ್ಲಾಸಿಕ್ ಮತ್ತು ಚಕ್ರವಿರುವ ನ್ಯಾನೋಗಳಲ್ಲಿ, ಹೋಲ್ಡ್ ಗುಂಡಿಯನ್ನು ಒಮ್ಮೆ ಅತ್ತಿತ್ತ ಸರಿಸಿ, ‘ಮೆನು’ ಮತ್ತು ನಡುವಿನ ಗುಂಡಿಯನ್ನು ಒಟ್ಟಿಗೆ ಆರರಿಂದ ಎಂಟು ಸೆಕೆಂಡು ಒತ್ತಿ ಹಿಡಿದರೆ ಅದು ಮರುಚಾಲೂ ಆಗುತ್ತದೆ. ಇದರಿಂದ ಹಾಡು ಹೋಗುವುದಿಲ್ಲ. ಸೇಬಿನ ಚಿತ್ರ ಕಂಡೊಡನೆ ನಡುವಿನ ಗುಂಡಿ ಮತ್ತು ‘ಪ್ಲೇ’ ಗುಂಡಿಯನ್ನು ಒತ್ತಿ ಹಿಡಿಯಿರಿ. ‘ಡಿಸ್ಕ್ ಮೋಡ್’ ಬರುತ್ತದೆ, ಐಪಾಡ್ ಒಂದು ಡ್ರೈವಾಗಿ ತೆರೆದುಕೊಳ್ಳುತ್ತದೆ. ತೆರೆದರೆ ಒಳಗೆ ಹಾಡೇ ಇಲ್ಲವೆನಿಸುತ್ತದೆ, ಏಕೆಂದರೆ ಆ ಫೋಲ್ಡರ್ ಅಡಗಿಸಿಟ್ಟದ್ದು. ವಿಂಡೋಸಿನ ‘ವ್ಯೂ’ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಆರಿಸಿದಾಗ ‘ಐಪಾಡ್_ಕಂಟ್ರೋಲ್’ ಎಂಬುದು ಕಾಣುತ್ತದೆ. ಅದರೊಳಗಿನ ‘ಮ್ಯೂಸಿಕ್’ ಫೋಲ್ಡರಿನಲ್ಲಿ ಎಫ್00, ಎಫ್01 ಎಂದು ಸಾಲಾಗಿ ಫೋಲ್ಡರುಗಳು, ಅವುಗಳಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಹೆಸರಿನ ಫೈಲುಗಳು. ಅವೇ ನಿಮ್ಮ ಹಾಡುಗಳು. ಎಂಪಿ3 ಮತ್ತು ಎಎಸಿ ಫೈಲುಗಳ ಒಳಗೆ ಗಾಯಕರ ಹೆಸರು, ರಾಗದ ಹೆಸರು ಟ್ಯಾಗಿನಲ್ಲಿ ಬರೆದಿರುತ್ತದೆ, ಆದ್ದರಿಂದ ಕಂಪ್ಯೂಟರಿನ ಯಾವುದೇ ಮ್ಯೂಸಿಕ್ ಸಾಫ್ಟ್‌ವೇರಿನಲ್ಲಿ ತೆರೆದಾಗ ಸರಿಯಾದ ಹೆಸರು ಬರುತ್ತದೆ.

ಕ್ಯಾಸೆಟ್ಟಿನಿಂದ ಇಳಿಸಿದ ಸಂಗ್ರಹದಲ್ಲಿ ಎಡವುವುದು ಇಲ್ಲಿಯೇ. ಬಹಳ ಜನ ಕ್ಯಾಸೆಟ್ಟನ್ನು ವೇವ್ ಫೈಲಾಗಿ ಉಳಿಸಿದ್ದಾರೆ, ಐಟ್ಯೂನ್ಸ್ ಅಂಥ ಫೈಲಿನೊಳಗೆ ಹೆಸರು ಬರೆಯುವುದಿಲ್ಲ. ಯಾವ ಫೈಲ್ ಯಾವ ರಾಗ ಎಂಬುದು ಐಪಾಡಿನ ಸೂಚಿಯಲ್ಲಿ ಮಾತ್ರ ಇರುತ್ತದೆ. ಹಾಗಾಗಿ ‘ಮ್ಯೂಸಿಕ್’ ಒಂದನ್ನೇ ತೆಗೆಯದೆ ‘ಐಪಾಡ್_ಕಂಟ್ರೋಲ್’ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ. ಅದರೊಳಗಿನ ‘ಐಟ್ಯೂನ್ಸ್’ ಎಂಬ ಉಪಫೋಲ್ಡರಿನಲ್ಲಿ ಆ ಸೂಚಿ ಇದೆ. ಐಪಾಡ್ ಟಚ್ ಮಾತ್ರ ಹೀಗೆ ಡ್ರೈವಾಗಿ ತೆರೆದುಕೊಳ್ಳುವುದಿಲ್ಲ.

ನಕಲು ಮಾಡುವಾಗ ತಾಳ್ಮೆ ಇರಲಿ. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ, ಅಂದರೆ 45 ನಿಮಿಷ, ಸಿಡಿ ಗುಣಮಟ್ಟದ ವೇವ್ ಫೈಲಾದರೆ ಸುಮಾರು 475 ಎಂಬಿ. 128 ಕೆಬಿಪಿಎಸ್ ಎಂಪಿ3 ಆದರೆ 43 ಎಂಬಿ. ಸೆಕೆಂಡಿಗೆ 5 ಎಂಬಿಯಂತೆ ಓದುವ ಹಳೆಯ ಪ್ಲೇಯರಿನಿಂದ 8 ಜಿಬಿ ಹೊರಬರಲು ಅರ್ಧ ಗಂಟೆಯ ಸಮೀಪ ಬೇಕು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪಿನಲ್ಲಿ ಇದನ್ನು ಮಾಡುವುದು ಕ್ಷೇಮ. ನಡುವೆ ಕರೆಂಟ್ ಹೋದರೂ ಕೆಲಸ ನಿಲ್ಲದು.

ಅರ್ಧಕ್ಕೆ ನಿಲ್ಲುವ ಸಿಂಕ್

ಪ್ಲೇಯರ್ ಕಾಣುತ್ತದೆ, ಕೆಲವು ಹಾಡು ಹೋಗುತ್ತವೆ, ಆಮೇಲೆ ನಿಲ್ಲುತ್ತದೆ ಎಂದಾದರೆ ಕಾರಣ ಹಾಡಿನ ಫೈಲಿನಲ್ಲಿ ಅಥವಾ ಡಿಸ್ಕಿನ ರಚನೆಯಲ್ಲಿರುತ್ತದೆ. ಐಪಾಡ್ ಎಫ್‌ಎಲ್‌ಎಸಿ, ಡಬ್ಲ್ಯುಎಂಎ ಫೈಲುಗಳನ್ನು ಹಾಡಲಾರದು, ಅವನ್ನು ಬೇರೆ ರೂಪಕ್ಕೆ ಪರಿವರ್ತಿಸಿ ಕೊಡಬೇಕು. ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಥವಾ ಕೋಲನ್ ಇರುವ ಫೈಲು ಫ್ಯಾಟ್32 ಎಂಬ ರಚನೆಯ ಡಿಸ್ಕಿಗೆ ಹೋಗುವುದಿಲ್ಲ. ಮೆಮೊರಿ ಕಾರ್ಡ್ ಹಾಕುವ ಹಳೆಯ ಪ್ಲೇಯರಿಗೆ 32 ಜಿಬಿಯೇ ಮಿತಿಯಾಗಿದ್ದರೆ 64 ಜಿಬಿ ಕಾರ್ಡು ಬಂದ ರೂಪದಲ್ಲೇ ಓದಲು ಬರುವುದಿಲ್ಲ.

ಕನ್ನಡದಲ್ಲಿ ಹೆಸರು ಬರೆಯುವವರು ವಿಶೇಷವಾಗಿ ತಿಳಿಯಬೇಕಾದ ಮಿತಿಯೊಂದಿದೆ. ಒಂದೆರಡು ಜಿಬಿಯ ಸಣ್ಣ ಪ್ಲೇಯರುಗಳು ಫ್ಯಾಟ್16 ರಚನೆಯಲ್ಲಿರುತ್ತವೆ, ಅದರ ಮೊದಲ ಪುಟದಲ್ಲಿ, ಅಂದರೆ ಯಾವ ಫೋಲ್ಡರಿಗೂ ಸೇರದ ಜಾಗದಲ್ಲಿ, ಸಾಮಾನ್ಯವಾಗಿ 512 ನಮೂದುಗಳಿಗಷ್ಟೇ ಸ್ಥಳ. ಉದ್ದ ಹೆಸರಿನ ಪ್ರತಿ 13 ಸಂಕೇತಗಳಿಗೆ ಒಂದು ನಮೂದು, ಜೊತೆಗೆ ಚಿಕ್ಕ ಹೆಸರಿಗೆ ಮತ್ತೊಂದು ಖರ್ಚಾಗುತ್ತದೆ. ‘ಮಲ್ಲಿಕಾರ್ಜುನ’ ಎಂಬುದು ನಮ್ಮ ಕಣ್ಣಿಗೆ ಐದು ಅಕ್ಷರ. ಒತ್ತು, ಗುಣಿತ, ಅರ್ಧಾಕ್ಷರಗಳನ್ನು ಬೇರೆಬೇರೆಯಾಗಿ ಎಣಿಸುವ ಕಂಪ್ಯೂಟರಿಗೆ ಅದು 12. ಗಾಯಕರ ಹೆಸರು, ರಾಗ, ಊರು ಸೇರಿ 50 ಸಂಕೇತವಾದರೆ ಒಂದೇ ಹಾಡಿಗೆ ಐದು ನಮೂದು ಹೋಗುತ್ತವೆ, ನೂರು ಹಾಡಿನ ಹೊತ್ತಿಗೆ ಪುಟ ತುಂಬುತ್ತದೆ. ಜಾಗ ಧಾರಾಳವಾಗಿದ್ದರೂ ಹಾಡು ಹಿಡಿಯದಿರುವ ಗುಟ್ಟು ಇದು. ಗಾಯಕರ ಹೆಸರಿನಲ್ಲಿ ಒಂದೊಂದು ಫೋಲ್ಡರ್ ಮಾಡಿ ಅದರೊಳಗೆ ಹಾಡು ಹಾಕಿದರೆ ಈ ಮಿತಿ ತಾಗುವುದಿಲ್ಲ, ಕನ್ನಡದ ಹೆಸರನ್ನು ಕೈಬಿಡುವ ಅಗತ್ಯವೂ ಇಲ್ಲ.

ಹಿಂದೊಮ್ಮೆ ‘ಇಜೆಕ್ಟ್’ ಕೊಡದೆ ಕೇಬಲ್ ಕಿತ್ತಿದ್ದರೆ ಡಿಸ್ಕಿನ ಸೂಚಿಯೇ ಕೆಟ್ಟಿರಬಹುದು. ಡ್ರೈವಿನ ‘ಪ್ರಾಪರ್ಟೀಸ್’ನಲ್ಲಿ ‘ಟೂಲ್ಸ್’ಗೆ ಹೋಗಿ ‘ಚೆಕ್’ ಒತ್ತಿದರೆ ವಿಂಡೋಸ್ ಅದನ್ನು ಸರಿಪಡಿಸುತ್ತದೆ. ಸರಿಪಡಿಸುವಾಗ ತುಂಡಾದ ಫೈಲುಗಳನ್ನು ಕತ್ತರಿಸುವ ಸಂಭವವಿರುವುದರಿಂದ ನಕಲು ತೆಗೆದ ಮೇಲಷ್ಟೇ ಇದನ್ನು ಮಾಡಿ.

ಕೊನೆಯ ಉಪಾಯ

ಇಷ್ಟಕ್ಕೂ ಬಗ್ಗದಿದ್ದರೆ, ನಕಲು ತೆಗೆದ ಫೈಲುಗಳಲ್ಲಿ ಕೆಲವನ್ನು ಮೊದಲಿನಿಂದ ಕೊನೆಯವರೆಗೂ ಕೇಳಿ ಖಾತ್ರಿ ಮಾಡಿಕೊಂಡು, ಬೇರೊಂದು ಹಾರ್ಡ್ ಡಿಸ್ಕಿಗೂ ಒಂದು ಪ್ರತಿ ಹಾಕಿ, ಆಮೇಲೆ ರಿಸ್ಟೋರ್ ಮಾಡಿ. ಹಾರ್ಡ್ ಡಿಸ್ಕಿನ ಐಪಾಡಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ರಿಸ್ಟೋರಿನಿಂದ ಪ್ರಯೋಜನವಿಲ್ಲ, ಡಿಸ್ಕೇ ಸವೆದಿದೆ. ರಿಸ್ಟೋರ್ ಮುಗಿದ ಕೂಡಲೇ ಹಾಡುಗಳನ್ನು ಕೈಯಾರೆ ನಿರ್ವಹಿಸುವ ಆಯ್ಕೆಗೆ ಗುರುತು ಹಾಕಿ; ಅಲ್ಲಿಂದ ಮುಂದೆ ನೀವು ಎಳೆದು ಹಾಕಿದ್ದಷ್ಟೇ ಪ್ಲೇಯರಿಗೆ ಹೋಗುತ್ತದೆ, ನೀವು ಅಳಿಸಿದ್ದಷ್ಟೇ ಅಳಿಯುತ್ತದೆ. ಮೊದಲು ನಾಲ್ಕೈದು ಹಾಡು ಮಾತ್ರ ಹಾಕಿ, ಇಜೆಕ್ಟ್ ಕೊಟ್ಟು ಕೇಬಲ್ ತೆಗೆದು, ಪ್ಲೇಯರಿನಲ್ಲಿ ಹಾಡಿಸಿ ನೋಡಿ. ಅವು ಸರಿಯಾಗಿ ಬಂದರೆ ಉಳಿದ ಸಂಗ್ರಹವನ್ನು ಒಂದೊಂದೇ ಫೋಲ್ಡರಿನಂತೆ ಹಾಕುತ್ತ ಹೋಗಿ.