ಇ-ಪುಸ್ತಕ ಕೊಂಡರೆ ಸಾಲದು, ಫೈಲು ಕೈಗೆ ಬರಬೇಕು

ಹೋದ ತಿಂಗಳು ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಮನೆಗೆ ಬಂದು ಪೆನ್‌ಡ್ರೈವ್ ಮುಂದಿಟ್ಟರು. ‘ಮೂರು ವರ್ಷದಿಂದ ಕೊಂಡ ಇ-ಪುಸ್ತಕವೆಲ್ಲ ಇದರಲ್ಲಿದೆಯಪ್ಪ. ಹೊಸ ಲ್ಯಾಪ್‌ಟಾಪಿನಲ್ಲಿ ಒಂದೂ ತೆರೆಯುತ್ತಿಲ್ಲ, ನೋಡು’ ಎಂದರು. ನೋಡಿದೆ. ನಲವತ್ತೆರಡು ಫೈಲು, ಒಂದೊಂದೂ ಎರಡು ಕೆಬಿ. ಎರಡು ಕೆಬಿಯಲ್ಲಿ ಕನ್ನಡದ ಒಂದು ಪುಟವೂ ಹಿಡಿಯುವುದಿಲ್ಲ. ‘ಸಾರ್, ಇವು ಪುಸ್ತಕವಲ್ಲ, ಟೋಕನ್’ ಎಂದೆ. ಅವರ ಮುಖ ಸಪ್ಪಗಾದದ್ದು ಇನ್ನೂ ಕಣ್ಣ ಮುಂದಿದೆ.

ಇದೇ ತಪ್ಪನ್ನು ಓದಿಕೊಂಡವರು, ಕಂಪ್ಯೂಟರಿನಲ್ಲೇ ದಿನವಿಡೀ ಕೆಲಸ ಮಾಡುವವರು ಕೂಡ ಮಾಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ದುಡ್ಡು ಕೊಟ್ಟು ಕೊಂಡ ಪುಸ್ತಕ ಹತ್ತು ವರ್ಷದ ನಂತರವೂ ತೆರೆಯಬೇಕಾದರೆ ಏನು ಮಾಡಬೇಕೆಂದು ಮೊದಲಿನಿಂದ ಹೇಳುತ್ತೇನೆ.

ಖಾತೆ ತೆರೆಯುವಾಗ

ಸ್ವಂತ ಇಮೇಲ್ ಮಾತ್ರ ಕೊಡಿ. ಆಫೀಸಿನದು, ಕಾಲೇಜಿನದು ಬೇಡವೇ ಬೇಡ. ಮೇಷ್ಟ್ರ ಪುಸ್ತಕಗಳಲ್ಲಿ ಮೂರು ಕೊನೆಗೂ ಸಿಗಲಿಲ್ಲ, ಏಕೆಂದರೆ ಆ ಅಂಗಡಿಗೆ ಅವರು ಕೊಟ್ಟಿದ್ದು ಶಾಲೆಯ ಇಮೇಲ್. ನಿವೃತ್ತಿಯಾದ ಮೇಲೆ ಅದು ಬಂದ್ ಆಗಿತ್ತು. ಒಟಿಪಿ ಬರುವ ಮೊಬೈಲ್ ನಂಬರ್ ಬದಲಾದ ದಿನವೇ ಖಾತೆಯಲ್ಲೂ ಬದಲಿಸಿ. ಹೊರದೇಶದಿಂದ ಊರಿಗೆ ವಾಪಸಾಗುವವರಿಗೆ ಇನ್ನೊಂದು ಮಾತು: ಗೂಗಲ್ ಪ್ಲೇ ಖಾತೆಯ ದೇಶವನ್ನು ವರ್ಷಕ್ಕೆ ಒಂದೇ ಸಲ ಬದಲಿಸಲು ಸಾಧ್ಯ. ರಜೆಗೆ ಬಂದಾಗ ಆತುರಪಟ್ಟು ಬದಲಿಸಿದರೆ ವರ್ಷವಿಡೀ ಅದರಲ್ಲೇ ಇರಬೇಕಾಗುತ್ತದೆ.

ಕೊಳ್ಳುವ ಮುಂಚೆ ಎರಡು ಪರೀಕ್ಷೆ

ಮೊದಲನೆಯದು ಬೀಗದ ಪರೀಕ್ಷೆ. ಡಿಆರ್‌ಎಂ ಎನ್ನುವುದು ಫೈಲಿಗೆ ಅಂಗಡಿಯವರು ಹಾಕುವ ಬೀಗ. ಅವರು ಒಪ್ಪಿದ ಸಾಧನದಲ್ಲಿ, ಒಪ್ಪಿದ ಖಾತೆಯಲ್ಲಿ ಮಾತ್ರ ಅದು ತೆರೆಯುತ್ತದೆ. ಬೀಗ ಹಾಕಬೇಕೋ ಬೇಡವೋ ಎಂಬುದನ್ನು ಬಹಳಷ್ಟು ಸಲ ಪ್ರಕಾಶಕರೇ ತೀರ್ಮಾನಿಸುತ್ತಾರೆ. ಇಂಗ್ಲಿಷಿನ ವೈಜ್ಞಾನಿಕ ಕಾದಂಬರಿಗಳ ದೊಡ್ಡ ಪ್ರಕಾಶನ ಟಾರ್ 2012ರಿಂದಲೇ ಬೀಗವಿಲ್ಲದೆ ಮಾರುತ್ತಿದೆ. ಕೋಬೊ ಎಂಬ ಇ-ಪುಸ್ತಕದ ಅಂಗಡಿಯಲ್ಲಿ ಪುಸ್ತಕದ ವಿವರದ ಕೆಳಗೆ ‘ಡೌನ್‌ಲೋಡ್ ಆಪ್ಷನ್ಸ್’ ಎಂಬ ಸಾಲಿರುತ್ತದೆ. ಅಲ್ಲಿ ‘ಡಿಆರ್‌ಎಂ-ಫ್ರೀ’ ಎಂದಿದ್ದರೆ ಕಣ್ಣು ಮುಚ್ಚಿ ಕೊಳ್ಳಿ. ‘ಅಡೋಬಿ ಡಿಆರ್‌ಎಂ’ ಎಂದಿದ್ದರೆ ಮುಂದೆ ಹೇಳುವ ದಾರಿ ಹಿಡಿಯಬೇಕು.

ಎರಡನೆಯದು ಒತ್ತಕ್ಷರದ ಪರೀಕ್ಷೆ. ಕನ್ನಡದವರು ಇದನ್ನು ಮಾಡದೆ ಒಂದು ಪೈಸೆಯನ್ನೂ ಕೊಡಬಾರದು. ಸ್ಯಾಂಪಲ್ ಇಳಿಸಿಕೊಂಡು, ನೀವು ದಿನಾ ಓದುವ ಸಾಧನದಲ್ಲೇ ತೆರೆದು, ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಸ್ತ್ರೀ’, ‘ಕಾರ್ಯ’ ಇಂಥ ಪದಗಳನ್ನು ಹುಡುಕಿ ನೋಡಿ. ಇ-ಪುಸ್ತಕ ಓದಲೆಂದೇ ಇರುವ ನನ್ನ ಹಳೆಯ ಆರಿಂಚಿನ ರೀಡರಿನಲ್ಲಿ ಒತ್ತುಗಳು ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಜಾರುತ್ತಿದ್ದವು. ‘ಸ್ತ್ರೀ’ ಎನ್ನುವುದು ಸಕಾರ, ತಕಾರ, ರಕಾರ ಬಿಡಿಬಿಡಿಯಾಗಿ ನಿಂತ ಮೂರು ಅಕ್ಷರವಾಗಿತ್ತು. ‘ಕಾರ್ಯ’ದ ಅರ್ಕಾವತ್ತು ಮಾಯ. ಇನ್ನೂರು ಪುಟವನ್ನು ಹೀಗೆ ಓದಿದರೆ ತಲೆನೋವು ಖಂಡಿತ. ಅದೇ ಫೈಲು ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ತಪ್ಪು ಪುಸ್ತಕದ್ದಲ್ಲ, ಅಕ್ಷರ ಜೋಡಿಸುವ ಸಾಧನದ್ದು.

ಎಲ್ಲಿ ಕೊಳ್ಳುವುದು?

ಕನ್ನಡಕ್ಕಾದರೆ ಮೈಲ್ಯಾಂಗ್ ಮತ್ತು ಗೂಗಲ್ ಪ್ಲೇ ಬುಕ್ಸ್ ಮೊದಲು ನೋಡಿ. ಅಮೆಜಾನಿನ ಕಿಂಡಲ್ 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳ ಪುಸ್ತಕ ಶುರುಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆ ನೋವು ನನಗೆ ಇನ್ನೂ ಇದೆ. ಹಳೆಯ, ಕೃತಿಸ್ವಾಮ್ಯ ಮುಗಿದ ಪುಸ್ತಕವಾದರೆ ಕನ್ನಡ ವಿಕಿಸೋರ್ಸ್‌ಗೆ ಹೋಗಿ. ಅಲ್ಲಿ ಇಪಬ್ ಎಂಬ ಇ-ಪುಸ್ತಕದ ಫೈಲಿನ ರೂಪದಲ್ಲೇ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ ಎಂಬುದು ನೆನಪಿರಲಿ. ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವ ಪಿಡಿಎಫ್ ಮುಟ್ಟಬೇಡಿ. ಸಾವಿರ ಪ್ರತಿ ಖರ್ಚಾದರೆ ಸಾಕಪ್ಪ ಎನ್ನುವ ಪ್ರಕಾಶಕರ ಹೊಟ್ಟೆಯ ಮೇಲೆ ಹೊಡೆದಂತೆ ಅದು.

ತಿಂಗಳ ಚಂದಾ ಕಟ್ಟಿ ಓದುವ ಯೋಜನೆಗಳು ಗ್ರಂಥಾಲಯ ಇದ್ದ ಹಾಗೆ. ಚಂದಾ ನಿಂತಿತೆಂದರೆ ಪುಸ್ತಕವೂ ಹೋಯಿತು. ಓದಿ ಬಿಡುವ ಪತ್ತೇದಾರಿಗೆ ಸರಿ, ಇಟ್ಟುಕೊಳ್ಳುವ ಪುಸ್ತಕಕ್ಕಲ್ಲ.

ಪಿಡಿಎಫ್ ಮತ್ತು ಇಪಬ್ ಎರಡೂ ಇದ್ದರೆ ಇಪಬ್ ತೆಗೆದುಕೊಳ್ಳಿ, ಇದರಲ್ಲಿ ಎರಡನೆಯ ಮಾತಿಲ್ಲ. ಇಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಪಿಡಿಎಫ್ ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆಯುತ್ತಾ ಕೂರಬೇಕು. ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಪುಟ ಕಟ್ಟಿದ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಕನ್ನಡವಲ್ಲ. ಅದರಿಂದ ‘ಕನ್ನಡ’ ಎಂಬ ಪದವನ್ನೇ ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ: ಇಂಗ್ಲಿಷಿನ ಪಿ, ಕ್ಯೂ ಅಕ್ಷರಗಳ ನಡುವೆ ಪೌಂಡ್ ಚಿಹ್ನೆ ಬರುತ್ತದೆ. ಇಂಥದ್ದನ್ನು ಇಪಬ್ ಮಾಡಿಕೊಡುತ್ತೇವೆ ಎನ್ನುವ ಆನ್‌ಲೈನ್ ಪರಿವರ್ತಕಗಳಿಂದ ಕಸವೇ ಹೊರಬರುತ್ತದೆ. ಸಮಯ ಹಾಳು ಮಾಡಿಕೊಳ್ಳಬೇಡಿ.

ಎಲ್ಲರೂ ಎಡವುವುದು ಇಲ್ಲಿ: ಫೈಲು ಇಳಿಸಿಕೊಳ್ಳುವುದು

ನಿಧಾನವಾಗಿ ಓದಿ. ಗೂಗಲ್ ಪ್ಲೇ ಬುಕ್ಸ್ ಅಥವಾ ಕೋಬೊದಲ್ಲಿ ಪುಸ್ತಕ ಕೊಂಡು, ಕಂಪ್ಯೂಟರಿನ ಬ್ರೌಸರಿನಲ್ಲಿ ನಿಮ್ಮ ಪುಸ್ತಕಗಳ ಪಟ್ಟಿಗೆ ಹೋಗಿ, ಪುಸ್ತಕದ ಪಕ್ಕದ ಮೂರು ಚುಕ್ಕೆ ಒತ್ತಿದರೆ ‘ಎಕ್ಸ್‌ಪೋರ್ಟ್’ ಅಥವಾ ‘ಡೌನ್‌ಲೋಡ್’ ಎಂಬುದು ಸಿಗುತ್ತದೆ. ಕೆಲವು ಪ್ರಕಾಶಕರು ಇದಕ್ಕೆ ಅನುಮತಿ ಕೊಟ್ಟಿರುವುದಿಲ್ಲ, ಅಂಥವನ್ನು ಆ್ಯಪ್‌ನಲ್ಲೇ ಓದಬೇಕು. ಒತ್ತಿದ ಮೇಲೆ ಇಳಿಯುವ ಫೈಲಿನ ಹೆಸರಿನ ಕೊನೆ ನೋಡಿ. ಅಲ್ಲಿ ಇಪಬ್ ಎಂದಿದ್ದರೆ ಕೆಲಸ ಮುಗಿಯಿತು. ಎಸಿಎಸ್‌ಎಂ ಎಂದಿದ್ದರೆ ಕೈಗೆ ಬಂದಿರುವುದು ಟೋಕನ್.

ದರ್ಶಿನಿಯಲ್ಲಿ ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆಯುತ್ತೇವೆ, ಅದನ್ನು ಒಳಗೆ ಕೊಟ್ಟರೆ ದೋಸೆ ಬರುತ್ತದೆ. ಟೋಕನ್ನನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದರೆ ದೋಸೆ ಸಿಗುವುದಿಲ್ಲ, ವಾರದ ನಂತರ ತಂದರೆ ಯಾರೂ ಮಾನ್ಯ ಮಾಡುವುದೂ ಇಲ್ಲ. ಎಸಿಎಸ್‌ಎಂ ಕೂಡ ಹಾಗೆಯೇ, ಅದಕ್ಕೂ ಅವಧಿ ಇದೆ. ಮೇಷ್ಟ್ರು ಕೂಡಿಟ್ಟಿದ್ದು ನಲವತ್ತೆರಡು ಹಳೆಯ ಟೋಕನ್.

ಟೋಕನ್ ಕೊಟ್ಟು ಪುಸ್ತಕ ಪಡೆಯುವ ಕಿಟಕಿಯೇ ಅಡೋಬಿ ಡಿಜಿಟಲ್ ಎಡಿಷನ್ಸ್. ಉಚಿತ ತಂತ್ರಾಂಶ. ಅಡೋಬಿಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ, ಹುಡುಕಿದಾಗ ಮೊದಲು ಬರುವ ಜಾಹೀರಾತಿನ ಕೊಂಡಿಯಿಂದಲ್ಲ. ಹಾಕಿಕೊಳ್ಳುವ ಮುಂಚೆ ಅಡೋಬಿಯಲ್ಲಿ ಒಂದು ಐಡಿ ಮಾಡಿಕೊಳ್ಳಿ, ಅದೂ ಸ್ವಂತ ಇಮೇಲ್‌ನಲ್ಲಿ. ನಂತರ ತಂತ್ರಾಂಶದ ‘ಹೆಲ್ಪ್’ ಮೆನುವಿನಲ್ಲಿ ‘ಆಥರೈಜ್ ಕಂಪ್ಯೂಟರ್’ ಒತ್ತಿ.

ಒಂದು ಪೆಟ್ಟಿಗೆ ತೆರೆಯುತ್ತದೆ. ಐಡಿ, ಪಾಸ್‌ವರ್ಡ್ ಕೇಳುತ್ತದೆ, ಕೆಳಗೆ ‘ಐಡಿ ಇಲ್ಲದೆಯೇ ಆಥರೈಜ್ ಮಾಡುತ್ತೇನೆ’ ಎಂಬ ಅರ್ಥದ ಚೌಕವೂ ಇರುತ್ತದೆ. ಅದಕ್ಕೆ ಟಿಕ್ ಹಾಕಲೇಬೇಡಿ. ಸುಲಭವೆಂದು ಹತ್ತರಲ್ಲಿ ಒಂಬತ್ತು ಜನ ಹಾಕುವುದು ಅಲ್ಲೇ. ಹಾಕಿದಿರೋ, ಪುಸ್ತಕ ಆ ಒಂದು ಕಂಪ್ಯೂಟರಿಗೆ ಅಂಟಿಕೊಂಡಿತು. ಅದು ಕೆಟ್ಟರೆ, ಮಾರಿದರೆ, ವಿಂಡೋಸ್ ಹೊಸದಾಗಿ ಹಾಕಿಸಿದರೆ ಆ ಫೈಲು ಮತ್ತೆ ತೆರೆಯುವುದಿಲ್ಲ. ಐಡಿ ಕೊಟ್ಟರೆ ಅದೇ ಐಡಿಯಲ್ಲಿ ಆರು ಕಂಪ್ಯೂಟರ್, ಆರು ಓದುವ ಸಾಧನಗಳವರೆಗೆ ತೆರೆಯಬಹುದು. ಈಗಾಗಲೇ ತಪ್ಪು ಮಾಡಿದ್ದರೆ ಅದೇ ಮೆನುವಿನ ‘ಎರೇಸ್ ಆಥರೈಜೇಷನ್’ ಬಳಸಿ ಅಳಿಸಿ, ಐಡಿ ಕೊಟ್ಟು ಮತ್ತೆ ಮಾಡಿ, ಅಂಗಡಿಯಿಂದ ಹೊಸ ಟೋಕನ್ ಇಳಿಸಿ.

ಆಮೇಲೆ ಎಸಿಎಸ್‌ಎಂ ಫೈಲನ್ನು ಈ ತಂತ್ರಾಂಶದಲ್ಲಿ ತೆರೆಯಿರಿ. ಪುಸ್ತಕ ಇಳಿಯುವುದನ್ನು ತೋರಿಸುವ ಪಟ್ಟಿ ಓಡಿ, ಮುಖಪುಟ ಕಾಣಿಸಿಕೊಳ್ಳುತ್ತದೆ. ಮುಖಪುಟ ಕಂಡಿತೆಂದು ಅಲ್ಲಿಗೆ ಬಿಡಬೇಡಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಫೈಲು ಎಲ್ಲಿ ಕೂತಿದೆ ನೋಡಿ. ವಿಂಡೋಸಿನಲ್ಲಿ ಡಾಕ್ಯುಮೆಂಟ್ಸ್ ಒಳಗಿನ ‘ಮೈ ಡಿಜಿಟಲ್ ಎಡಿಷನ್ಸ್’ ಫೋಲ್ಡರಿನಲ್ಲಿ ಇರುತ್ತದೆ. ಈಗ ಅದರ ಗಾತ್ರ ನೂರಾರು ಕೆಬಿ ಅಥವಾ ಕೆಲವು ಎಂಬಿ ಇರಬೇಕು. ಇದು ಪುಸ್ತಕ. ಎತ್ತಿಡಬೇಕಾದದ್ದು ಇದನ್ನು. ಕೋಬೊ, ಪಾಕೆಟ್‌ಬುಕ್‌ನಂಥ ರೀಡರಿಗೆ ಹಾಕಬೇಕಾದರೆ ಯುಎಸ್‌ಬಿ ಚುಚ್ಚಿ, ಈ ತಂತ್ರಾಂಶದ ಮೂಲಕವೇ ಎಳೆದು ಹಾಕಿ. ಫೋಲ್ಡರಿನಿಂದ ನೇರವಾಗಿ ನಕಲು ಮಾಡಿದರೆ, ಆ ಸಾಧನಕ್ಕೆ ನಿಮ್ಮ ಐಡಿ ಗೊತ್ತಿಲ್ಲದಿದ್ದರೆ, ತೆರೆಯುವುದಿಲ್ಲ. ಕಿಂಡಲ್‌ನಲ್ಲಂತೂ ಅಡೋಬಿ ಬೀಗದ ಪುಸ್ತಕ ಏನು ಮಾಡಿದರೂ ತೆರೆಯದು.

ಬೀಗ ಒಡೆಯುವ ಉಪಾಯಗಳನ್ನು ನನ್ನನ್ನು ಕೇಳುವವರಿದ್ದಾರೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ ಎಂದು 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಂ ಹೇಳುತ್ತದೆ. ಅದಕ್ಕಿಂತ ಬೀಗವಿಲ್ಲದ ಪುಸ್ತಕವನ್ನೇ ಹುಡುಕಿ ಕೊಳ್ಳಿ, ಬೀಗ ಹಾಕಬೇಡಿ ಎಂದು ಪ್ರಕಾಶಕರಿಗೆ ಪತ್ರ ಬರೆಯಿರಿ. ನಾನು ಬರೆದಿದ್ದೇನೆ. ಕನ್ನಡದ ಒಬ್ಬ ಸಣ್ಣ ಪ್ರಕಾಶಕರು ಮಾರನೆಯ ದಿನವೇ ಬೀಗವಿಲ್ಲದ ಇಪಬ್ ಕಳಿಸಿದರು.

ಕಿಂಡಲ್ ಇರುವವರಿಗೆ

ಬೀಗವಿಲ್ಲದ ಇಪಬ್ ಅನ್ನು ‘ಸೆಂಡ್ ಟು ಕಿಂಡಲ್’ ಮೂಲಕ ಕಳಿಸಿ. 2022ರಿಂದ ಅದು ಇಪಬ್ ಸ್ವೀಕರಿಸುತ್ತದೆ. ಕನ್ನಡದ್ದಾದರೆ ಮೊದಲು ಒಂದೇ ಪುಸ್ತಕ ಕಳಿಸಿ ಒತ್ತಕ್ಷರ ನೋಡಿ, ಆಮೇಲೆ ಉಳಿದವು. ಕಿಂಡಲ್ ಅಂಗಡಿಯಲ್ಲಿ ಕೊಂಡ ಪುಸ್ತಕವನ್ನು ಮುಂಚೆ ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿಯಲ್ಲಿ ಹಾಕಿಕೊಳ್ಳುವ ಸೌಲಭ್ಯವಿತ್ತು, 2025ರ ಫೆಬ್ರುವರಿ 26ಕ್ಕೆ ಅದನ್ನು ನಿಲ್ಲಿಸಿದರು. ಆದ್ದರಿಂದ ಇಟ್ಟುಕೊಳ್ಳಲೇಬೇಕು ಅನ್ನಿಸುವ ಪುಸ್ತಕವನ್ನು ನಾನು ಫೈಲು ಕೊಡುವ ಅಂಗಡಿಯಲ್ಲಿ ಕೊಳ್ಳುತ್ತೇನೆ, ಬೆಲೆ ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚಾದರೂ ಸರಿ.

ಒಂದೇ ಕಪಾಟು

ಬೇರೆಬೇರೆ ಅಂಗಡಿಯ ಫೈಲುಗಳನ್ನು ಒಂದೆಡೆ ಜೋಡಿಸಿಡಲು ಕ್ಯಾಲಿಬರ್ ಹಾಕಿಕೊಳ್ಳಿ. ಭಾರತದವರೇ ಆದ ಕೋವಿದ್ ಗೋಯಲ್ 2006ರಲ್ಲಿ ಶುರುಮಾಡಿದ ಉಚಿತ ತಂತ್ರಾಂಶ ಇದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಪುಸ್ತಕ ಎಳೆದು ಹಾಕಿದರೆ ಸೇರಿಕೊಳ್ಳುತ್ತದೆ. ಲೇಖಕರ ಹೆಸರನ್ನು ಮಾತ್ರ ಒಂದೇ ರೀತಿ ಬರೆಯಿರಿ. ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ, ಇನಿಷಿಯಲ್ ಹಿಂದೆ ಮುಂದೆ ಮಾಡಿ ಒಮ್ಮೆ ಬರೆದರೆ ಒಬ್ಬರೇ ಲೇಖಕರು ಮೂವರಾಗಿ ಕೂರುತ್ತಾರೆ. ಕ್ಯಾಲಿಬರ್ ತಾನೇ ಮಾಡಿಕೊಂಡ ಫೋಲ್ಡರುಗಳ ಒಳಗೆ ಹೋಗಿ ಹೆಸರು ಬದಲಿಸುವುದು, ಸ್ಥಳಾಂತರಿಸುವುದು ಮಾಡಬೇಡಿ, ಲೆಕ್ಕ ತಪ್ಪುತ್ತದೆ. ಏನಿದ್ದರೂ ತಂತ್ರಾಂಶದ ಒಳಗಿನಿಂದ.

ಕ್ಯಾಲಿಬರ್ ಮುಚ್ಚಿ, ಇಡೀ ಫೋಲ್ಡರನ್ನು ಎರಡು ಕಡೆ ನಕಲು ಮಾಡಿ: ಒಂದು ಹಾರ್ಡ್‌ಡಿಸ್ಕ್, ಇನ್ನೊಂದು ಬೇರೆ ಮನೆಯಲ್ಲಿರುವ ಅಥವಾ ಕ್ಲೌಡಿನಲ್ಲಿರುವ ಪ್ರತಿ.

‘ಅಂಗಡಿಯವರೇ ಇಟ್ಟಿರುತ್ತಾರಲ್ಲ, ಇಷ್ಟೆಲ್ಲ ಯಾಕೆ?’ ಎಂದು ಕೇಳುತ್ತಾರೆ. ಬೆಂಗಳೂರಿನದೇ ಫ್ಲಿಪ್‌ಕಾರ್ಟ್ ಇ-ಪುಸ್ತಕ ಮಾರುತ್ತಿತ್ತು. 2015ರ ಕೊನೆಗೆ ಕೈಬಿಟ್ಟು, ಕೊಂಡವರನ್ನು ಕೋಬೊಗೆ ಕಳಿಸಿಕೊಟ್ಟಿತು. ಮೈಕ್ರೊಸಾಫ್ಟ್ 2019ರಲ್ಲಿ ತನ್ನ ಪುಸ್ತಕದಂಗಡಿ ಮುಚ್ಚಿ ಹಣ ಹಿಂದಿರುಗಿಸಿತು, ಆದರೆ ಆ ಜುಲೈನಲ್ಲಿ ಓದುಗರ ಪುಸ್ತಕಗಳು ಕಪಾಟಿನಿಂದ ಹೋದವು. ದುಡ್ಡು ವಾಪಸ್ ಬಂದರೂ ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿ ವಾಪಸ್ ಬರುವುದಿಲ್ಲ.

ವರ್ಷಕ್ಕೊಮ್ಮೆ

ಆಯುಧಪೂಜೆಗೆ ಕಂಪ್ಯೂಟರ್ ಒರೆಸಿ ಕುಂಕುಮ ಇಡುತ್ತೇವಲ್ಲ, ಅದರ ಹಿಂದಿನ ದಿನ ಹಾರ್ಡ್‌ಡಿಸ್ಕ್ ಚುಚ್ಚಿ ಐದಾರು ಪುಸ್ತಕ ತೆರೆದು ನೋಡಿ. ಮುಖಪುಟ ಅಲ್ಲ, ಕೊನೆಯ ಪುಟ. ಅರ್ಧಕ್ಕೆ ನಿಂತ ನಕಲಿನಲ್ಲೂ ಮುಖಪುಟ ಕಾಣುವುದುಂಟು. ಬೀಗವಿರುವ ಪುಸ್ತಕಗಳು ಅಡೋಬಿ ಐಡಿ ಇಲ್ಲದೆ ತೆರೆಯುವುದಿಲ್ಲ, ಹಾಗಾಗಿ ಆ ಐಡಿ, ಯಾವ ಅಂಗಡಿಗೆ ಯಾವ ಇಮೇಲ್, ಹಾರ್ಡ್‌ಡಿಸ್ಕ್ ಎಲ್ಲಿದೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಕೈಯಿಂದ ಬರೆದು, ಮನೆಯವರಿಗೆ ತೋರಿಸಿ, ಬ್ಯಾಂಕ್ ಪಾಸ್‌ಬುಕ್ ಇಡುವ ಕಡೆ ಇಡಿ. ಮೇಷ್ಟ್ರ ಹಾಳೆಯನ್ನು ಅವರ ಮೊಮ್ಮಗಳು ದುಂಡಗೆ ಬರೆದುಕೊಟ್ಟಿದ್ದಾಳೆ, ಮೂವತ್ತೊಂಬತ್ತು ಪುಸ್ತಕದ ಪಟ್ಟಿಯ ಸಮೇತ.