ಮಾವನ ಸ್ಲೈಡುಗಳಿಗೆ ಸ್ಕ್ಯಾನರ್ ಹುಡುಕಿದ ಕಥೆ

ಅಮ್ಮನ ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದವರು. ಫಿಲ್ಮ್ ರೋಲನ್ನು ಹೊರದೇಶದಲ್ಲಿ ಕೊಂಡು, ಅಲ್ಲೇ ತೊಳೆಸಿ ತರುತ್ತಿದ್ದರು. ಅವರ 640 ಸ್ಲೈಡುಗಳು (ರಟ್ಟಿನ ಚೌಕಟ್ಟಿನಲ್ಲಿ ಕೂರಿಸಿದ, ಬೆಳಕಿಗೆ ಹಿಡಿದು ನೋಡುವ ಫಿಲ್ಮ್ ತುಣುಕುಗಳು) ಉಡುಪಿಯ ನಮ್ಮ ಮನೆಯ ಅಟ್ಟದಲ್ಲಿ, ಎರಡು ಬಿಸ್ಕಿಟ್ ಡಬ್ಬಗಳಲ್ಲಿದ್ದವು. 1978ರ ಪರ್ಯಾಯದ ಮೆರವಣಿಗೆ, ಮಲ್ಪೆಯ ದೋಣಿಗಳು, ಅಜ್ಜನ ಮನೆಯ ಅಂಗಳ. ತೆರೆದು ನೋಡಿದರೆ ಕೆಲವಕ್ಕೆ ಬೂಷ್ಟು. ನಮ್ಮೂರಿನ ಮಳೆಗಾಲ ಗೊತ್ತಲ್ವಾ?

ಅವನ್ನು ಕಂಪ್ಯೂಟರಿಗೆ ಇಳಿಸೋಣವೆಂದು ಮೊದಲು ಕಡಿಮೆ ದುಡ್ಡಿನದೊಂದು ಸ್ಕ್ಯಾನರ್ ಡಬ್ಬಿ ತರಿಸಿದೆ. ಸ್ಲೈಡ್ ತುರುಕಿ ಗುಂಡಿ ಒತ್ತಿದರೆ ಐದು ಸೆಕೆಂಡಿನಲ್ಲಿ ಚಿತ್ರ. ಸ್ಕ್ಯಾನರ್ ಎಂದು ಹೆಸರು, ಒಳಗಿರುವುದು ಸಣ್ಣ ಕ್ಯಾಮೆರಾ. ಬಿಸಿಲಿನಲ್ಲಿ ನಿಂತವರ ಬಿಳಿ ಮುಂಡು ಖಾಲಿ ಕಾಗದದಂತಾಯಿತು, ಚಪ್ಪರದಡಿ ಕೂತವರು ಮಸಿಯಾದರು. ಸ್ಲೈಡಿನಲ್ಲಿ ಬೆಳಕು-ಕತ್ತಲೆಯ ಅಂತರ ಪ್ರಿಂಟಿಗಿಂತ ತುಂಬಾ ಜಾಸ್ತಿ. ಅದನ್ನು ಹಿಡಿಯುವ ಶಕ್ತಿ ಈ ಡಬ್ಬಿಗಿರಲಿಲ್ಲ.

ಆಮೇಲೆ ಗೆಳೆಯನ ಫ್ಲಾಟ್‌ಬೆಡ್ ಸ್ಕ್ಯಾನರ್ ತಂದೆ, ಗಾಜಿನ ಮೇಲಿಟ್ಟು ಮುಚ್ಚುವಂಥದ್ದು, ಮುಚ್ಚಳದಲ್ಲಿ ಲೈಟ್ ಬೇರೆ. ಪೆಟ್ಟಿಗೆ ಮೇಲೆ 6,400 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಎಂದಿತ್ತು. ಒಂದೇ ಸ್ಲೈಡನ್ನು 1,600, 3,200, 6,400ರಲ್ಲಿ ಸ್ಕ್ಯಾನ್ ಮಾಡಿ ಪಕ್ಕಪಕ್ಕ ಇಟ್ಟೆ. ದೋಣಿಯ ಮೇಲೆ ಬರೆದ ಹೆಸರು ಮೂರರಲ್ಲೂ ಹೆಚ್ಚುಕಡಿಮೆ ಅಷ್ಟೇ ಮಸುಕು. ಫೈಲ್ ಮಾತ್ರ ಪ್ರತಿಸಲ ನಾಲ್ಕು ಪಟ್ಟು ಉಬ್ಬಿತ್ತು. ಯಾರಾದರೂ ಸ್ಕ್ಯಾನರ್ ಮಾರಲು ಬಂದರೆ ಈ ಪರೀಕ್ಷೆ ಮಾಡಿಯೇ ದುಡ್ಡು ಕೊಡಿ. ಅಲ್ಬಮ್ಮಿನ ಫೋಟೋಗಳಿಗಾದರೆ ಫ್ಲಾಟ್‌ಬೆಡ್ ಬಹಳ ಒಳ್ಳೆಯದು, ಅದು ಬೇರೆ ಮಾತು.

ಹಳೆಯ ನಿಕಾನ್ ಕೂಲ್‌ಸ್ಕ್ಯಾನ್ ಎಂಬ ಫಿಲ್ಮ್ ಸ್ಕ್ಯಾನರ್ ಮೇಲೂ ಆಸೆಯಿತ್ತು. ಅದರ 4,000 ಡಿಪಿಐ ಬರೀ ಬಾಯಿಮಾತಲ್ಲ. ಆದರೆ ತಯಾರಿಕೆ ನಿಂತು ಎಷ್ಟೋ ವರ್ಷವಾಯಿತು. ಸೆಕೆಂಡ್‌ಹ್ಯಾಂಡ್ ತಂದು ಕೆಟ್ಟರೆ ಉಡುಪಿಯಲ್ಲಿ ಯಾರಿಗೆ ತೋರಿಸಲಿ? ಬಿಟ್ಟೆ. ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದಿಂದ ಚಿತ್ರ ತೆಗೆಯುವ ಲೆನ್ಸ್) ಇರುವವರು ಕ್ಯಾಮೆರಾದಲ್ಲೇ ಚೆನ್ನಾಗಿ ಮಾಡುತ್ತಾರೆ, ನನ್ನಲ್ಲಿ ಲೆನ್ಸ್ ಇರಲಿಲ್ಲ.

ಕೊನೆಗೆ 35 ಮಿ.ಮೀ. ಫಿಲ್ಮಿಗೆಂದೇ ಮಾಡಿದ ಹೊಸ ಸ್ಕ್ಯಾನರ್ ತೆಗೆದುಕೊಂಡೆ. ಸ್ಲೈಡಿನ ಚಿತ್ರ 36 × 24 ಮಿ.ಮೀ. 3,600 ಡಿಪಿಐಗೆ ಇಟ್ಟರೆ ಸುಮಾರು 5,100 × 3,400 ಪಿಕ್ಸೆಲ್. ನನಗೆ ಅಷ್ಟು ಧಾರಾಳ ಸಾಕು. ಆದರೆ ಒಂದೊಂದಕ್ಕೂ ನಾಲ್ಕು ನಿಮಿಷ, ಪ್ರತಿಯೊಂದನ್ನೂ ಕೈಯಲ್ಲೇ ತಳ್ಳಬೇಕು. 640ಕ್ಕೆ ಲೆಕ್ಕ ಹಾಕಿದರೆ 43 ಗಂಟೆ! ಮಗಳ ಟ್ರೇಸಿಂಗ್ ಪ್ಯಾಡಿನ ಬೆಳಕಿನಲ್ಲಿ ಹರಡಿ, ಅಮ್ಮನನ್ನು ಕೂರಿಸಿಕೊಂಡು 210 ಆರಿಸಿದೆ. ಸೂರ್ಯಾಸ್ತಗಳನ್ನೆಲ್ಲ ಅಮ್ಮ ನಿರ್ದಾಕ್ಷಿಣ್ಯವಾಗಿ ಪಕ್ಕಕ್ಕೆ ತಳ್ಳಿದರು.

ಧೂಳು ಅಳಿಸುವ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಕಿರಣ) ಸೌಲಭ್ಯಕ್ಕೆಂದೇ ಜಾಸ್ತಿ ದುಡ್ಡು ಕೊಟ್ಟಿದ್ದೆ. ಫಿಲ್ಮಿನ ಬಣ್ಣದ ಮೂಲಕ ಆ ಕಿರಣ ಹಾದುಹೋಗುತ್ತದೆ, ಧೂಳಿನ ಮೂಲಕ ಹೋಗುವುದಿಲ್ಲ. ಹಾಗಾಗಿ ಕಸ ಎಲ್ಲಿದೆಯೆಂದು ತಿಳಿಯುತ್ತದೆ. ಎಕ್ಟಾಕ್ರೋಮ್ ಎಂಬ ಫಿಲ್ಮಿನ ಸ್ಲೈಡುಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಮಾವನ ಹೆಚ್ಚಿನವು ಕೊಡಾಕ್ರೋಮ್ ಎಂಬ ಬೇರೆ ಬಗೆಯ ಫಿಲ್ಮಿನವು. ಅದರ ಗಾಢ ಭಾಗಗಳು ಇನ್‌ಫ್ರಾರೆಡ್ಡನ್ನೂ ತಡೆಯುತ್ತವೆ. ಅತ್ತೆಯ ಜಡೆಯನ್ನೇ ಕಸವೆಂದುಕೊಂಡು ಅಲ್ಲಲ್ಲಿ ತಿಂದುಹಾಕಿತ್ತು. ಕಪ್ಪು-ಬಿಳುಪು ಫಿಲ್ಮಿಗೂ ಇದು ಆಗುವುದಿಲ್ಲ, ಅದರಲ್ಲಿ ಚಿತ್ರ ಮೂಡಿಸುವ ಬೆಳ್ಳಿಯೂ ಆ ಕಿರಣವನ್ನು ತಡೆಯುವುದರಿಂದ. ಅವಕ್ಕೆಲ್ಲ ಅದನ್ನು ಆಫ್ ಮಾಡಿ, ಬ್ಲೋವರ್‌ನಿಂದ ಊದಿ, ಉಳಿದ ಚುಕ್ಕೆಗಳನ್ನು ಕಂಪ್ಯೂಟರಿನಲ್ಲಿ ಕೈಯಾರೆ ತೆಗೆದೆ. ಕೊಳ್ಳುವ ಮೊದಲು ರಟ್ಟಿನ ಚೌಕಟ್ಟಿನ ಮೇಲೆ ಯಾವ ಫಿಲ್ಮ್ ಎಂದು ಓದಿದ್ದರೆ ಆ ದುಡ್ಡು ಉಳಿಯುತ್ತಿತ್ತೋ ಏನೋ.

ಬೂಷ್ಟಿಗೆ ಮಾತ್ರ ಅಪ್ಪಿತಪ್ಪಿಯೂ ನೀರು ಮುಟ್ಟಿಸಬೇಡಿ. ಬೂಷ್ಟು ತಿಂದ ಜಿಲೆಟಿನ್ ಪದರ ನೀರಿಗೆ ಕರಗಿ ಚಿತ್ರವೇ ಹೋಗಬಹುದು. ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಗೆ ಹಾಕಿ, ಮೊದಲು ಬೇಡದ ಸೂರ್ಯಾಸ್ತದ ಮೇಲೆ ಪ್ರಯೋಗಿಸಿದೆ.

ಮೊದಲ ಹತ್ತು ಚಿತ್ರಗಳನ್ನು ವಾಟ್ಸಾಪಿನಲ್ಲಿ ಕಳಿಸಿದ ದಿನವೇ ಮಾವನ ಫೋನ್ ಬಂತು. "ಎಂತ ಮಾರಾಯ, ದೋಣಿಯ ಹೆಸರು ಉಲ್ಟಾ ಉಂಟಲ್ಲ!" ಸ್ಲೈಡುಗಳನ್ನು ಹಿಂದುಮುಂದಾಗಿ ಹಾಕಿದ್ದೆ.