ಹೊಳೆ ಕಡಲು ಸೇರುವಲ್ಲಿ ಕರೆಂಟು ತೆಗೆಯುವುದು ಹೇಗೆ?

ಮಾವಿನ ಮಿಡಿಯನ್ನು ಕಲ್ಲುಪ್ಪಿನಲ್ಲಿ ಹಾಕಿಟ್ಟರೆ ಕೆಲವೇ ದಿನಗಳಲ್ಲಿ ಸುಕ್ಕುಗಟ್ಟುತ್ತದೆ. ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ನಾವು ಹಾಕಿದ ನೀರಲ್ಲ ಅದು, ಮಿಡಿಯೊಳಗಿದ್ದದ್ದನ್ನು ಉಪ್ಪು ಎಳೆದುಕೊಂಡಿದ್ದು. ಈ ಎಳೆತದಿಂದ ಟರ್ಬೈನ್ ತಿರುಗಿಸಬಹುದು ಅಂತ 1970ರ ದಶಕದಲ್ಲಿ ದಾರಿ ಹಾಕಿಕೊಟ್ಟವರು ಎಂಜಿನಿಯರ್ ಸಿಡ್ನಿ ಲೋಬ್.

ಎಳೆತ ಎಷ್ಟು ಜೋರು? ಕಡಲ ನೀರಿಗೂ ಹೊಳೆ ನೀರಿಗೂ ನಡುವೆ ಸುಮಾರು 27 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). 270 ಮೀಟರ್ ಎತ್ತರದಿಂದ ನೀರು ಬಿದ್ದಷ್ಟು. ಜೋಗದ ಎತ್ತರ 253 ಮೀಟರ್. ಅದೇ ಶರಾವತಿ ಹೊನ್ನಾವರದಲ್ಲಿ ಸುಮ್ನೆ ಸಮುದ್ರ ಸೇರುವಾಗ ಸದ್ದಿಲ್ಲದೆ ಇನ್ನೊಂದು ಜೋಗ ಧುಮುಕುತ್ತದೆ!

ಮೊದಲು ಎರಡೂ ನೀರನ್ನು ಬೇರೆ ಬೇರೆ ಪೈಪಿನಲ್ಲಿ ತಂದು ಸೋಸಬೇಕು. ಕೆಸರು, ಪಾಚಿ ಉಳಿದರೆ ಎರಡೂ ನೀರಿನ ನಡುವೆ ಇಡುವ ತೆಳು ಪೊರೆ ಮುಚ್ಚಿಹೋಗುತ್ತದೆ.

ಆಮೇಲೆ ಉಪ್ಪುನೀರನ್ನು ಪಂಪಿನಿಂದ ಸುಮಾರು 12 ಬಾರ್‌ವರೆಗೆ ಒತ್ತಬೇಕು. 27 ಇರುವಾಗ 12 ಯಾಕೆ? ಪೂರ್ತಿ 27ಕ್ಕೆ ಒತ್ತಿದರೆ ಸಿಹಿನೀರು ಪೊರೆ ದಾಟಿ ಈಚೆ ಬರುವುದೇ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಒತ್ತಿದರೆ ನೀರು ಉಲ್ಟಾ ಹರಿಯುತ್ತದೆ. ಮನೆಯ ಆರ್‌ಒ ಫಿಲ್ಟರ್ ಮಾಡುವುದು ಅದನ್ನೇ ಅಲ್ವಾ? ಒತ್ತದೇ ಬಿಟ್ಟರೆ ನೀರು ಬರುತ್ತದೆ, ಬಲ ಇರುವುದಿಲ್ಲ. ಅರ್ಧದ ಆಸುಪಾಸಿನಲ್ಲೇ ಹೆಚ್ಚು ಕರೆಂಟು.

ಈಗ ಪೊರೆ. ಒಂದು ಬದಿ ಒತ್ತಿದ ಉಪ್ಪುನೀರು, ಇನ್ನೊಂದು ಬದಿ ಸಿಹಿನೀರು. ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ತಡೆಯುತ್ತದೆ. ಸಿಹಿನೀರು ಒತ್ತಡಕ್ಕೆ ಎದುರಾಗಿಯೇ ಒಳಗೆ ನುಗ್ಗುತ್ತದೆ. ಒತ್ತಡ ಅಷ್ಟೇ ಇದೆ, ನೀರು ಹೆಚ್ಚಾಗಿದೆ. ಹೀಗೆ ಹೆಚ್ಚಾದಷ್ಟು ನೀರನ್ನು ಟರ್ಬೈನಿಗೆ ಬಿಡಬೇಕು. ಉಳಿದದ್ದರ ಒತ್ತಡವನ್ನು ಹೊಸದಾಗಿ ಬರುವ ಕಡಲ ನೀರಿಗೆ ದಾಟಿಸಬೇಕು. ಇಲ್ಲದಿದ್ದರೆ ಹುಟ್ಟಿದ ಕರೆಂಟನ್ನೆಲ್ಲ ಪಂಪೇ ನುಂಗುತ್ತದೆ.

ಓದಲು ಸುಲಭ. ನಾರ್ವೆಯ ಟೋಫ್ಟೆಯಲ್ಲಿ ಸ್ಟಾಟ್‌ಕ್ರಾಫ್ಟ್ ಕಂಪನಿ 2009ರಲ್ಲಿ ಇಂಥ ಮೊದಲ ಘಟಕ ಶುರುಮಾಡಿತು. ಸುಮಾರು 2,000 ಚದರ ಮೀಟರ್ ಪೊರೆ ಹಾಸಿದ್ದರು. ಕೈಗೆ ಸಿಕ್ಕಿದ್ದು 2ರಿಂದ 4 ಕಿಲೋವ್ಯಾಟ್, ಅಂದರೆ ಒಂದೆರಡು ಗೀಸರ್‌ಗೆ ಸಾಕಾಗುವಷ್ಟು. ಒಂದೊಂದು ಚದರ ಮೀಟರಿಗೆ 5 ವ್ಯಾಟ್ ಬಂದರೆ ಗಿಟ್ಟುತ್ತದೆ ಅಂತ ಲೆಕ್ಕ ಹಾಕಿದ್ದರು, ಬರಲಿಲ್ಲ. 2013ರ ಕೊನೆಗೆ ಕೈಬಿಟ್ಟರು. ತೊಡಕು ಇದ್ದದ್ದು ಟರ್ಬೈನಿನಲ್ಲಲ್ಲ, ಪೊರೆಯಲ್ಲಿ. ಅದಕ್ಕೆ ಆಸರೆಯಾದ ಪದರದೊಳಗೆ ಉಪ್ಪು ಸೇರಿಕೊಂಡರೆ ಎಳೆತವೇ ಸತ್ತುಹೋಗುತ್ತದೆ.

ಜಪಾನಿನ ಫುಕುವೋಕದವರು ಬೇರೆ ಜಾಣತನ ಮಾಡಿದ್ದಾರೆ. ಕಡಲ ನೀರನ್ನು ಕುಡಿಯುವ ನೀರಾಗಿಸಿದ ಮೇಲೆ ಉಳಿಯುವ ಗಟ್ಟಿ ಉಪ್ಪುನೀರು ಒಂದು ಬದಿ, ಶುದ್ಧ ಮಾಡಿದ ಚರಂಡಿ ನೀರು ಇನ್ನೊಂದು ಬದಿ. ಉಪ್ಪು ಜಾಸ್ತಿ, ಹಾಗಾಗಿ ಎಳೆತವೂ ಜಾಸ್ತಿ. 2025ರ ಆಗಸ್ಟ್‌ನಲ್ಲಿ ಶುರುವಾದ ಈ ಘಟಕದಿಂದ ವರ್ಷಕ್ಕೆ ಸುಮಾರು 8.8 ಲಕ್ಷ ಯೂನಿಟ್ ನಿರೀಕ್ಷೆ. ಆ ಕರೆಂಟು ಪಕ್ಕದ ಕುಡಿಯುವ ನೀರಿನ ಘಟಕಕ್ಕೇ ಹೋಗುತ್ತದೆ.